ಪದ ಪರಿಚಯ: ಪರಿಸರಸ್ನೇಹಿ ಮನೆ ಆಫೀಸು

‘ಪರಿಸರ’ ಅಂದ ಕೂಡಲೇ ಕಾಡು, ನದಿ, ಜೂನ್ 5ಕ್ಕೆ ಶಾಲೆಯಲ್ಲಿ ನೆಡುವ ಸಸಿ ನೆನಪಾಗುತ್ತವೆ. ಪದದ ಹಳೆಯ ಅರ್ಥ ಅಷ್ಟು ದೂರದ್ದಲ್ಲ. ಸಂಸ್ಕೃತದಲ್ಲಿ ಪರಿಸರ ಅಂದರೆ ಸುತ್ತಮುತ್ತಲಿನ ಜಾಗ, ಆಸುಪಾಸು. ಸ್ನೇಹಿ ಅಂದರೆ ಗೆಳೆಯ. ಹಾಗಾದರೆ ಪರಿಸರಸ್ನೇಹಿ ಅಂದರೆ ತನ್ನ ಆಸುಪಾಸಿನ ಜೊತೆ ಹೊಂದಿಕೊಂಡು ಹೋಗುವಂಥದ್ದು. ಇಂಗ್ಲಿಷಿನ ಪದ ನೋಡಿ ಕಟ್ಟಿಕೊಂಡ ಪದವೇ ಇದು. ಆದರೂ ಈ ‘ಆಸುಪಾಸು’ ಅನ್ನೋ ಅರ್ಥ ನಮ್ಮ ಪದದೊಳಗೆ ಉಳಿದಿದೆ. ನನಗೆ ಮುಖ್ಯ ಅನ್ನಿಸೋದು ಅದೇ.

ಪರಿಸರಸ್ನೇಹಿ ಮನೆ ಆಫೀಸು ಅಂದರೆ, ಮನೆಯಲ್ಲಿ ಕೂತು ಕೆಲಸ ಮಾಡುವ ಜಾಗವನ್ನ ಕರೆಂಟು, ಹೊಸ ಸಾಮಾನು, ಕಸ ಮೂರೂ ಕಡಿಮೆ ಆಗುವಂತೆ ಹೊಂದಿಸಿಕೊಳ್ಳುವುದು. ಅಂಗಡಿಗಳು ಈ ಪದವನ್ನ ಬೇರೆ ಥರ ಹೇಳುತ್ತವೆ: ಬಿದಿರಿನ ಕೀಬೋರ್ಡ್, ಹಸಿರು ಎಲೆಯ ಗುರುತಿರುವ ಟೇಬಲ್, ಹೊಸ ಕುರ್ಚಿ. ಇರೋದನ್ನ ಹೊರಗೆ ಹಾಕಿ ಇವನ್ನೆಲ್ಲ ತಂದರೆ ಅದು ಪರಿಸರಸ್ನೇಹಿ ಹೇಗಾಗುತ್ತೆ?

ಮನೆಯಿಂದ ಕೆಲಸ ಅನ್ನೋ ಯೋಚನೆ ಹುಟ್ಟಿದ್ದೇ ಓಡಾಟ ಉಳಿಸೋಕೆ. 1973ರಲ್ಲಿ ಅಮೆರಿಕದ ಎಂಜಿನಿಯರ್ ಜ್ಯಾಕ್ ನಿಲ್ಸ್ ಇದಕ್ಕೆ ‘ಟೆಲಿಕಮ್ಯೂಟಿಂಗ್’ ಅಂತ ಹೆಸರಿಟ್ಟರು. ತೈಲದ ಬಿಕ್ಕಟ್ಟು ಬಂದಿದ್ದೂ ಅದೇ ವರ್ಷ. ಗಾಡಿ ಹೊರಗೆ ತೆಗೆಯದಿದ್ದರೆ ಪೆಟ್ರೋಲ್ ಉಳಿಯುತ್ತೆ, ಹೊಗೆ ತಪ್ಪುತ್ತೆ. ಇದು ನಿಜವೇ. ಆದರೆ ಎಷ್ಟು ಉಳಿಯುತ್ತೆ ಅನ್ನೋದು ಊರಿನ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತೆ. ಬೆಂಗಳೂರಿನಲ್ಲಿ ದಿನಾ ಕಾರಿನಲ್ಲಿ 40 ಕಿ.ಮೀ. ಓಡಾಡುವವರು, ಲೀಟರಿಗೆ 15 ಕಿ.ಮೀ. ಸಿಕ್ಕರೂ, ಮನೆಯಲ್ಲೇ ಉಳಿದರೆ ದಿನಕ್ಕೆ 6 ಕೆ.ಜಿ. ಉಳಿಸುತ್ತಾರೆ. ನಮ್ಮ ದಾವಣಗೆರೆಯಲ್ಲಿ? ವಿದ್ಯಾನಗರದಿಂದ ಪೇಟೆಗೆ ಬೈಕಿನಲ್ಲಿ ಹೋಗಿ ಬಂದರೆ 10 ಕಿ.ಮೀ. ಅಂತ ಇಟ್ಟುಕೊಳ್ಳಿ. ಲೀಟರಿಗೆ 50 ಕೊಟ್ಟರೆ 200 ಮಿ.ಲೀ. ಪೆಟ್ರೋಲ್. ಅರ್ಧ ಕೆ.ಜಿ.ಯೂ ಆಗಲ್ಲ. ಈಗ ಆ ಓಡಾಟ ಉಳಿಸಿ ಮನೆಯಲ್ಲಿ ಒಬ್ಬರಿಗೋಸ್ಕರ ನಾಲ್ಕು ಗಂಟೆ ಎಸಿ ಹಾಕಿದೆವು ಅನ್ನಿ. ಗಂಟೆಗೆ ಒಂದು ಯೂನಿಟ್ ಅಂದರೂ ನಾಲ್ಕು ಯೂನಿಟ್. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟಿನ ಹಿಂದೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಇದೆ. ಒಟ್ಟು 2.8 ಕೆ.ಜಿ. ಉಳಿಸಿದ್ದಕ್ಕಿಂತ ಆರು ಪಟ್ಟು ಜಾಸ್ತಿ!

ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ತಿರುಗುತ್ತಿರೋದನ್ನ ಹೈವೇಯಲ್ಲಿ ಹೋಗುವಾಗ ನೋಡಿರ್ತೀರಿ. ಆದರೆ ನಮ್ಮ ಪ್ಲಗ್ಗಿಗೆ ಬರುವ ಕರೆಂಟಿನಲ್ಲಿ ರಾಯಚೂರು, ಬಳ್ಳಾರಿಯ ಕಲ್ಲಿದ್ದಲಿನದೂ ಸೇರಿರುತ್ತೆ. ಗೃಹಜ್ಯೋತಿಯಲ್ಲಿ ಬಿಲ್ ಸೊನ್ನೆ ಬಂದರೂ ಕಲ್ಲಿದ್ದಲು ಸೊನ್ನೆ ಆಗಲ್ಲ.

ಅಂದರೆ ನಮ್ಮ ಕಡೆ ಈ ಪದದ ತಿರುಳು ಸೆಕೆ. ಓಡಾಟದ್ದು ಆಮೇಲಿನ ಮಾತು. ಎಸಿ ಇಲ್ಲದೆ ಏಪ್ರಿಲ್ ಮಧ್ಯಾಹ್ನ ಹೇಗೆ ಕೂತು ಕೆಲಸ ಮಾಡೋದು ಅನ್ನೋದೇ ಪ್ರಶ್ನೆ.

ಜಗಳೂರು ಕಡೆಯ ನಮ್ಮ ಅಜ್ಜಿಯ ಊರಲ್ಲಿ ಮಾಳಿಗೆ ಮನೆ ಇತ್ತು. ದಪ್ಪ ಗೋಡೆ, ತೊಲೆ ಜಂತೆ, ಮೇಲೆ ಮಣ್ಣು, ನಡುವೆ ಒಂದು ಬೆಳಕಿಂಡಿ. ಹೊರಗೆ ಬೆಂಕಿಯಂಥ ಬಿಸಿಲಿದ್ದರೂ ಒಳಗೆ ತಣ್ಣಗೆ. ಆ ಬೆಳಕಿಂಡಿಯಿಂದ ಬೀಳುವ ಬೆಳಕಿನಲ್ಲೇ ಅಜ್ಜಿ ಅಕ್ಕಿ ಆರಿಸೋಳು, ಅಜ್ಜ ಲೆಕ್ಕದ ಪುಸ್ತಕ ಬರೆಯೋನು. ಅದೂ ಮನೆ ಆಫೀಸೇ ಅಲ್ವಾ? ನಾವೀಗ ಇರೋದು ಆರ್‌ಸಿಸಿ ಮನೆಯ ಮೇಲಿನ ಮಹಡಿ. ತಾರಸಿ ಹಗಲೆಲ್ಲ ಕಾದು ಸಂಜೆ ಆ ಬಿಸಿಯನ್ನ ಒಳಗೆ ಬಿಡುತ್ತೆ.

ನಾನು ಮೊದಲು ಟೇಬಲ್ ಹಾಕಿದ್ದು ಪಶ್ಚಿಮದ ಕಿಟಕಿ ಹತ್ತಿರ. ನೋಟ ಚೆನ್ನಾಗಿತ್ತು. ಮೂರು ಗಂಟೆಗೆ ಲ್ಯಾಪ್‌ಟಾಪಿನ ಮೇಲೆ ಕೈ ಇಡೋಕೆ ಆಗ್ತಿರಲಿಲ್ಲ. ಉತ್ತರದ ಕಿಟಕಿಗೆ ಬದಲಾಯಿಸಿದೆ. ಅಲ್ಲಿ ದಿನವಿಡೀ ಮೆದು ಬೆಳಕು ಬರುತ್ತೆ, ಸಂಜೆ ಆರರವರೆಗೆ ದೀಪ ಬೇಡ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ಚಾಪೆ ಇಳಿಬಿಟ್ಟೆವು. ಒಳಗಿನ ಪರದೆಗಿಂತ ಹೊರಗಿನ ಚಾಪೆ ಮೇಲು, ಯಾಕೆಂದರೆ ಬಿಸಿಲು ಗಾಜು ದಾಟುವ ಮೊದಲೇ ನಿಲ್ಲುತ್ತೆ. ಫೆಬ್ರವರಿಯಲ್ಲಿ ತಾರಸಿಗೆ ಎರಡು ಕೋಟ್ ಸುಣ್ಣ ಬಳಿಸಿದೆವು. ಮೊದಲು ಮಧ್ಯಾಹ್ನ ಬರಿಗಾಲಲ್ಲಿ ತಾರಸಿಗೆ ಹೋದರೆ ಕುಣಿಯಬೇಕಿತ್ತು. ಸುಣ್ಣ ಬಳಿದ ಮೇಲೆ ನಿಂತು ಬಟ್ಟೆ ಒಣಹಾಕಬಹುದು. ಬಿಳಿ ಬಣ್ಣ ಬಿಸಿಲನ್ನ ವಾಪಸ್ ಕಳಿಸುತ್ತೆ, ಅಷ್ಟೇ.

ಆಮೇಲೆ ಫ್ಯಾನ್. ಹಳೆಯ ಫ್ಯಾನ್ 75 ವ್ಯಾಟ್ ಎಳೆಯುತ್ತಿತ್ತು, ಬಿಎಲ್‌ಡಿಸಿ ಅನ್ನೋ ಕಡಿಮೆ ಕರೆಂಟಿನ ಮೋಟಾರಿರುವ ಫ್ಯಾನ್ 30ರ ಆಸುಪಾಸು. 2023ರ ಜನವರಿ 1ರಿಂದ ಸೀಲಿಂಗ್ ಫ್ಯಾನಿಗೂ ಸ್ಟಾರ್ ಗುರುತು ಕಡ್ಡಾಯ, ಕೊಳ್ಳುವಾಗ ಅದನ್ನ ನೋಡಿ. ತೀರಾ ಸೆಕೆ ಇದ್ದರೆ ಕೂಲರ್ ಸಾಕು. ನೀರು ಆವಿಯಾಗುವಾಗ ಶಾಖ ಹೀರಿಕೊಳ್ಳುತ್ತೆ, ಕೂಲರ್ ನಡೆಯೋದೇ ಅದರ ಮೇಲೆ. ಗಾಳಿ ಒಣಗಿದ್ದಷ್ಟೂ ಚೆನ್ನ. ಮಂಗಳೂರಿನಲ್ಲಿ ಅದು ಬರೀ ಜಿಗುಟು ತರುತ್ತೆ, ನಮ್ಮ ಕಡೆ, ಚಿತ್ರದುರ್ಗದ ಕಡೆ ಬೇಸಿಗೆಯಲ್ಲಿ ಹೇಳಿ ಮಾಡಿಸಿದ್ದು. ಒಂದೇ ಸಾಮಾನು ಒಂದು ಊರಿಗೆ ಸ್ನೇಹಿ, ಇನ್ನೊಂದಕ್ಕೆ ಅಲ್ಲ. ನೀರು ಕುಡಿಯುತ್ತೆ ಅನ್ನೋದೂ ನೆನಪಿರಲಿ.

ಸಾಮಾನಿನ ವಿಷಯ. ನನ್ನ ಟೇಬಲ್ ಅಜ್ಜನ ದಲ್ಲಾಳಿ ಅಂಗಡಿಯದು. ತೇಗದ್ದು. ಬಲಗಡೆ ಡ್ರಾ ಗಲ್ಲಾ ಆಗಿತ್ತು, ಚಿಲ್ಲರೆಗೆ ಮಾಡಿದ ಕುಳಿಗಳು ಇನ್ನೂ ಇವೆ. ಈಗ ಅವುಗಳಲ್ಲಿ ಪೆನ್‌ಡ್ರೈವ್ ಇರುತ್ತವೆ. ಕಾಲು ಗಿಡ್ಡ ಆಗಿದ್ದಕ್ಕೆ ಬಡಗಿ ನಾಲ್ಕು ಮರದ ತುಂಡು ಸೇರಿಸಿಕೊಟ್ಟ. ಲ್ಯಾಪ್‌ಟಾಪಿನದೂ ಹೀಗೇ. ಅದರಿಂದಾಗುವ ಇಂಗಾಲದ ದೊಡ್ಡ ಪಾಲು ನಾವು ಬಳಸುವಾಗ ಬರೋದಲ್ಲ, ತಯಾರಾಗುವಾಗಲೇ ಬಂದಿರುತ್ತೆ. ನಿಧಾನ ಆಯ್ತು ಅಂತ ಬಿಸಾಕುವ ಮೊದಲು ಹಳೆಯ ಹಾರ್ಡ್ ಡಿಸ್ಕ್ ಬದಲು ವೇಗದ ಎಸ್‌ಎಸ್‌ಡಿ ಹಾಕಿಸಿ, ಬ್ಯಾಟರಿ ಬದಲಾಯಿಸಿ. ಇನ್ನೂ ನಾಲ್ಕು ವರ್ಷ ಬಾಳಬಹುದು. ಉಬ್ಬಿದ ಬ್ಯಾಟರಿಯನ್ನ ಮಾತ್ರ ಕಸದ ಗಾಡಿಗೆ ಹಾಕಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು. ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಕುಂಡದ ಗಿಡ ಕಣ್ಣಿಗೆ ಹಿತ, ಇಡಿ. ಆದರೆ ಗಾಳಿ ಶುದ್ಧ ಆಗುತ್ತೆ ಅಂತ ನಂಬಬೇಡಿ. ಆ ಮಾತಿಗೆ ಆಧಾರವಾಗಿ ಹೇಳುವ 1989ರ ನಾಸಾ ಪ್ರಯೋಗ ನಡೆದದ್ದು ಮುಚ್ಚಿದ ಪೆಟ್ಟಿಗೆಯಲ್ಲಿ. ಮನೆಯಲ್ಲಿ ಒಂದು ಕಿಟಕಿ ತೆರೆದರೆ ಅದಕ್ಕಿಂತ ಎಷ್ಟೋ ಜಾಸ್ತಿ ಕೆಲಸ ಆಗುತ್ತೆ. ತಾರಸಿ ನಿಮ್ಮದೇ ಆಗಿದ್ದರೆ ಸೋಲಾರ್ ಯೋಚಿಸಿ. 2024ರಲ್ಲಿ ಶುರುವಾದ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ ಇದೆ.

ಇನ್ನೊಂದು ಪದ ಇದರ ಜೊತೆಗೇ ಬರುತ್ತೆ: ಸ್ಟ್ಯಾಂಡ್‌ಬೈ. ಆಫ್ ಆದಂತೆ ಕಂಡರೂ ಕರೆಂಟು ಎಳೆಯುತ್ತಾ ಇರೋದು. ಒಂದು ವ್ಯಾಟ್ ವರ್ಷವಿಡೀ ಹರಿದರೆ 8.76 ಯೂನಿಟ್. ಇದನ್ನ ಅಳೆಯೋಕೆ ಉಪಕರಣ ಬೇಡ. ಮನೆಯ ಮೀಟರಿನಲ್ಲಿ ಮಿನುಗುವ ಕೆಂಪು ಚುಕ್ಕೆ ಇದೆಯಲ್ಲ, ಅದೇ ಸಾಕು. ನಮ್ಮ ಮೀಟರಿನ ಮೇಲೆ 3200 ಅಂತ ಬರೆದಿದೆ. 3200 ಸಲ ಮಿನುಗಿದರೆ ಒಂದು ಯೂನಿಟ್.

ಒಂದು ರಾತ್ರಿ ಫ್ರಿಜ್ ಪ್ಲಗ್ ತೆಗೆದು, ದೀಪ ಫ್ಯಾನ್ ಎಲ್ಲ ಆರಿಸಿ, ಮೊಬೈಲಿನ ಗಡಿಯಾರ ಹಿಡಿದು ಮೀಟರ್ ಮುಂದೆ ನಿಂತೆ. ಅವ್ವ ಬಂದಳು.

“ಯಾಕಪ್ಪಾ, ಕತ್ತಲಲ್ಲಿ ನಿಂತ್ಕಂಡಿದೀಯ? ಬಿಲ್ ಜಾಸ್ತಿ ಬಂತಾ?”

“ಇಲ್ಲವ್ವ, ಎಣಿಸ್ತಾ ಇದೀನಿ.”

ಒಂದೂವರೆ ನಿಮಿಷಕ್ಕೆ ಒಮ್ಮೆ ಮಿನುಗುತ್ತಿತ್ತು. ಅಂದರೆ 12 ವ್ಯಾಟಿನ ಮೇಲೆ, ವರ್ಷಕ್ಕೆ ಸುಮಾರು 110 ಯೂನಿಟ್. ಪ್ರಿಂಟರ್, ಮಾನಿಟರ್, ಸ್ಪೀಕರ್, ವೈಫೈ ಡಬ್ಬಿ ಎಲ್ಲ ಸೇರಿ. ಒಂದು ಸ್ವಿಚ್ ಇರುವ ಎಕ್ಸ್‌ಟೆನ್ಷನ್ ಬೋರ್ಡಿಗೆ ಮೊದಲಿನ ಮೂರನ್ನೂ ಸೇರಿಸಿ ಆರಿಸಿದೆ. ಮತ್ತೆ ನಿಂತು ಎಣಿಸಿದೆವು, ಈ ಸಲ ಅವ್ವನೂ ಜೊತೆಗೆ. ಎರಡೂವರೆ ನಿಮಿಷಕ್ಕೆ ಒಂದು.

“ಇನ್ನೂ ಯಾವುದದು?”

“ವೈಫೈದು.”

“ಮಲಗೋವಾಗ ಅದ್ಯಾಕೆ? ಆರಿಸು.”

ಆವತ್ತಿನಿಂದ ಅದನ್ನ ಅವ್ವನೇ ಆರಿಸಿ ಮಲಗುತ್ತಾಳೆ.