ನಂದಿ ಬೆಟ್ಟ ಹತ್ತಿದ ಕಾಲು ಲೇಹ್‌ವರೆಗೆ ಸಾಕಾ?

ಪ್ರಶ್ನೆ: ನಾನು ಬೆಂಗಳೂರಿನವನು. ಎರಡು ವರ್ಷದಿಂದ ಪ್ರತಿ ಶನಿವಾರ ಸೈಕಲ್‌ನಲ್ಲಿ ನಂದಿ ಬೆಟ್ಟ ಹತ್ತುತ್ತಿದ್ದೇನೆ. ಈ ಸಲ ಮನಾಲಿಯಿಂದ ಲೇಹ್‌ಗೆ ಸೈಕಲ್ ತುಳಿಯುವ ಆಸೆ. ನಂದಿಯ ಅಭ್ಯಾಸ ಸಾಕಾಗುತ್ತದಾ?

ಉತ್ತರ: ಕಾಲಿಗೆ ಹೆಚ್ಚೂಕಮ್ಮಿ ಸಾಕು. ಉಸಿರಿಗೆ ಸಾಲದು. ಉಸಿರಿನ ತಯಾರಿ ಬೆಂಗಳೂರಿನಲ್ಲಿ ಆಗುವುದಿಲ್ಲ. ಆ ಬೆಟ್ಟಗಳ ನಡುವೆಯೇ ಆಗಬೇಕು, ಅದಕ್ಕೆ ದಿನಗಳು ಬೇಕು. ಹಾಗಾಗಿ ಈ ಪ್ರಶ್ನೆ ಯಾರು ಕೇಳಿದರೂ ನಾನು ಮೊದಲು ಕೇಳುವುದು ಒಂದೇ: ರಜೆ ಎಷ್ಟು ದಿನ ಇದೆ?

ಎತ್ತರ ನೋಡಿ. ಬೆಂಗಳೂರು ಸುಮಾರು 920 ಮೀಟರ್, ನಂದಿಯ ತುದಿ 1,478. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಮನಾಲಿ ಊರೇ ಸುಮಾರು 2,050 ಮೀಟರ್‌ನಲ್ಲಿದೆ! ನಮ್ಮ ರಾಜ್ಯದ ನೆತ್ತಿಗಿಂತ ಮೇಲೆ ನಿಂತು ನೀವು ಮೊದಲ ಪೆಡಲ್ ತುಳಿಯುತ್ತೀರಿ. ಅಲ್ಲಿಂದ ಹತ್ತಿ ದಾಟಬೇಕಾದ ಪಾಸ್‌ಗಳು, ಅಂದರೆ ಬೆಟ್ಟದ ಮೇಲಿನ ದಾಟುದಾರಿಗಳು: ರೋಹ್ತಾಂಗ್ 3,978, ಬಾರಾಲಾಚಾ ಸುಮಾರು 4,890, ಲಾಚುಲುಂಗ್ 5,000 ದಾಟುತ್ತದೆ, ಕೊನೆಯ ಟಂಗ್ಲಂಗ್ ಲಾ 5,300 ದಾಟುತ್ತದೆ.

ಬಾರಾಲಾಚಾ ಇಳಿದರೆ ಸರ್ಚು ಎಂಬ ತಂಗುದಾಣ, ಅದನ್ನು ದಾಟಿದ ಮೇಲೆ ಗಾಟಾ ಲೂಪ್ಸ್ ಎಂಬ ಏರು ಬರುತ್ತದೆ. 21 ತಿರುವು. ಏರು ಹತ್ತಿರ ಹತ್ತಿರ ನಮ್ಮ ನಂದಿಯಷ್ಟೇ, ಕಡಿದಾಗಿಯೂ ಇಲ್ಲ. ಆದರೆ ಅದು ಶುರುವಾಗುವುದೇ 4,000 ಮೀಟರ್‌ಗಿಂತ ಮೇಲೆ. ನಂದಿಯಲ್ಲಿ ಮಾತಾಡಿಕೊಂಡು ಹತ್ತುವವರು ಅಲ್ಲಿ ಪ್ರತಿ ತಿರುವಿನಲ್ಲೂ ಕಾಲು ಕೆಳಗಿಡುತ್ತಾರೆ. ಕಾಲು ಅದೇ, ಸೈಕಲ್ ಅದೇ, ಬದಲಾಗಿರುವುದು ಗಾಳಿ ಮಾತ್ರ.

ಎತ್ತರದಲ್ಲೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ. ಕಡಿಮೆಯಾಗುವುದು ಒತ್ತಡ. ಟಂಗ್ಲಂಗ್ ಲಾದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಅರ್ಧಕ್ಕೆ ಹತ್ತಿರ ಇಳಿದಿರುತ್ತದೆ. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ದೇಹ ಮೊದಲು ಜೋರಾಗಿ ಉಸಿರಾಡುತ್ತದೆ. ಅದರಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಹೋಗಿ ರಕ್ತದ ಆಮ್ಲ-ಕ್ಷಾರ ಸಮತೋಲ ತಪ್ಪುತ್ತದೆ. ಅದನ್ನು ಸರಿಮಾಡುವುದು ಮೂತ್ರಪಿಂಡಗಳ ಕೆಲಸ, ಅದಕ್ಕೆ ಕೆಲವು ದಿನ ಹಿಡಿಯುತ್ತದೆ. ಮೇಲೆ ಹೋದಾಗ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ಅಲ್ವಾ? ಅದು ದೇಹ ಹೊಂದಿಕೊಳ್ಳುತ್ತಿರುವ ಗುರುತು. ಹೊಸ ಕೆಂಪು ರಕ್ತಕಣಗಳು ಹೆಚ್ಚುವುದಕ್ಕಂತೂ ವಾರಗಳೇ ಬೇಕು.

ಇಲ್ಲಿ ಒಂದು ಮಾತು ಒತ್ತಿ ಹೇಳುತ್ತೇನೆ. ಗಟ್ಟಿ ಕಾಲು ಎತ್ತರದ ಕಾಯಿಲೆಯಿಂದ ಕಾಪಾಡುವುದಿಲ್ಲ. ಎಷ್ಟೋ ಸಲ ಕಾಯಿಲೆಗೆ ದೂಡುವುದೇ ಆ ಕಾಲು, ಯಾಕೆಂದರೆ ಅದು ನಿಮ್ಮನ್ನು ಬೇಗ ಮೇಲೆ ಒಯ್ಯುತ್ತದೆ. ನಾನು ಮೊದಲ ಸಲ ಹೋದಾಗ ಸುಮಾರು 3,200 ಮೀಟರ್‌ನ ಜಿಸ್ಪಾದಿಂದ ಒಂದೇ ದಿನದಲ್ಲಿ ಸರ್ಚುವಿಗೆ ಹೋದೆ. ಅದು 4,290 ಮೀಟರ್. ಸಂಜೆ ಬಹಳ ಖುಷಿಯಲ್ಲಿದ್ದೆ. ರಾತ್ರಿ ತಲೆ ಸಿಡಿಯಿತು, ಊಟ ಸೇರಲಿಲ್ಲ, ಕಣ್ಣು ಮುಚ್ಚಿದರೆ ಉಸಿರು ಕಟ್ಟಿದಂತಾಗಿ ಎಚ್ಚರ. ಮರುದಿನ ವಾಪಸ್ ಬಾರಾಲಾಚಾ ಹತ್ತಿ ಇಳಿಯುವುದಕ್ಕೂ ಆಗಲಿಲ್ಲ. ಸರ್ಚುವಿನ ತೊಂದರೆ ಅದೇ. ಎರಡೂ ಕಡೆ ಏರಿದೆ, ಸುಲಭದ ಇಳಿಜಾರು ಇಲ್ಲ.

3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಬಾರದು, ಮೂರ್ನಾಲ್ಕು ದಿನಕ್ಕೊಮ್ಮೆ ಬಿಡುವು ಬೇಕು ಎನ್ನುವುದು ವೈದ್ಯರ ಸಲಹೆ. ಮನಾಲಿಯಲ್ಲಿ ಎರಡು ರಾತ್ರಿ ಇರಿ. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ವಾಹನಗಳು ಹೆಚ್ಚಾಗಿ ಅದರೊಳಗೇ ಹೋಗುತ್ತವೆ. ನೀವು ಹಳೇ ದಾರಿಯಲ್ಲಿ ರೋಹ್ತಾಂಗ್ ಹತ್ತಿ. ಸುಮಾರು 51 ಕಿ.ಮೀ. ಏರು. ಮಧ್ಯೆ ಮಢಿಯಲ್ಲಿ ತಂಗಬಹುದು. ಮರುದಿನ ಸುಮಾರು 4,000 ಮೀಟರ್ ಮುಟ್ಟಿ, ಸಿಸ್ಸುವಿನಲ್ಲಿ 3,100ರ ಆಸುಪಾಸಿಗೆ ಇಳಿದು ಮಲಗುತ್ತೀರಿ. ಮೇಲೆ ಹತ್ತಿ ಕೆಳಗೆ ಮಲಗುವುದು ದೇಹಕ್ಕೆ ಬಹಳ ಒಳ್ಳೆಯದು. ಆಮೇಲೆ ಜಿಸ್ಪಾದಲ್ಲಿ ಒಂದು ದಿನ ಸುಮ್ನೆ ಇರಿ. ಜಿಸ್ಪಾ ಮತ್ತು ಸರ್ಚು ನಡುವೆ ಪಟ್ಸಿಯೋದಲ್ಲಿ ಒಂದು ರಾತ್ರಿ ಕಡ್ಡಾಯ ಅಂದುಕೊಳ್ಳಿ. ಲೇಹ್ ಮುಟ್ಟಲು ಬಿಡುವೂ ಸೇರಿ 11–12 ದಿನ ಇಟ್ಟುಕೊಳ್ಳಿ. ಏಳು ದಿನ ಮಾತ್ರ ರಜೆ ಇದ್ದರೆ ಈ ವರ್ಷ ಹೋಗಬೇಡಿ.

ತಲೆನೋವು ಬಂದರೆ ಅಲ್ಲೇ ನಿಲ್ಲಿ. ಸುಮ್ಮನೆ ಕೂತಾಗಲೂ ಏದುಸಿರು ಬಂದರೆ, ನೇರ ಗೆರೆಯಲ್ಲಿ ನಡೆಯಲು ಆಗದಿದ್ದರೆ, ಸೈಕಲ್ ಬಿಟ್ಟು ಸಿಕ್ಕ ಗಾಡಿಯಲ್ಲಿ ಕೆಳಗಿಳಿಯಿರಿ, ರಾತ್ರಿಯಾದರೂ ಸರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ಬಗ್ಗೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ. ಎತ್ತರದ ಅಭ್ಯಾಸಕ್ಕೆಂದು ಮಾರುವ ಮುಖದ ಮಾಸ್ಕ್ ಕೊಳ್ಳಬೇಡಿ. ಅದು ಉಸಿರನ್ನು ಬಿಗಿ ಮಾಡುತ್ತದೆ, ಗಾಳಿಯನ್ನು ತೆಳುವಾಗಿಸುವುದಿಲ್ಲ.

ಇನ್ನು ಕಾಲಿನ ವಿಷಯ. ನಂದಿಯಲ್ಲಿ ಟೈಮ್ ಇಳಿಸುವುದನ್ನು ನಿಲ್ಲಿಸಿ. ಶನಿವಾರ ನಂದಿ ಎರಡು ಸಲ ಹತ್ತಿ, ಭಾನುವಾರ ದಣಿದ ಕಾಲಲ್ಲೇ ಮತ್ತೆ 80 ಕಿ.ಮೀ. ತುಳಿಯಿರಿ. ದಿನವೂ ಬೆಳಿಗ್ಗೆ ಎದ್ದು ಸೀಟಿನ ಮೇಲೆ ಕೂರುವುದು ಬೇರೆಯದೇ ಅಭ್ಯಾಸ. ಒಮ್ಮೆ ಮೂರು ದಿನ ರಜೆ ಹಾಕಿ ಮೈಸೂರು ದಾಟಿ, ಮಸಿನಗುಡಿಯಿಂದ ಕಲ್ಲಟ್ಟಿ ಘಾಟಿಯಲ್ಲಿ ಊಟಿ ಹತ್ತಿ ಬನ್ನಿ. 36 ತಿರುವುಗಳ ಆ ಏರು ಲೇಹ್ ದಾರಿಯ ಯಾವ ಏರಿಗಿಂತಲೂ ಕಡಿದು.

ಸೈಕಲ್‌ಗೆ ಮುಂದೆ 34, ಹಿಂದೆ 34 ಹಲ್ಲಿನ ಗೇರ್ ಇರಲಿ, ಟೈರ್ 32 ಮಿ.ಮೀ. ಅಥವಾ ದಪ್ಪ. ಸೆಪ್ಟೆಂಬರ್ ಒಳ್ಳೆಯ ಕಾಲ, ಮನಾಲಿ ಕಡೆ ಮಳೆ ತಗ್ಗಿರುತ್ತದೆ. ರಸ್ತೆಗೆ ಅಡ್ಡ ಹರಿಯುವ ನಾಲಾಗಳನ್ನು ಬೆಳಿಗ್ಗೆಯೇ ದಾಟಿ. ಬಿಸಿಲೇರಿ ಹಿಮ ಕರಗಿದರೆ ಮಧ್ಯಾಹ್ನ ನೀರು ಮೊಣಕಾಲಿಗೆ ಬರುತ್ತದೆ. ಡೇರೆ ಢಾಬಾಗಳಲ್ಲಿ ಮ್ಯಾಗಿ, ಅನ್ನ ದಾಲ್ ಸಿಗುತ್ತದೆ. ನಾನು ಮನೆಯಿಂದ ಹುರಿಹಿಟ್ಟು ಬೆಲ್ಲ ಒಯ್ಯುತ್ತೇನೆ. ಹಸಿವೇ ಆಗದ ಎತ್ತರದಲ್ಲಿ ಅದೊಂದು ಗಂಟಲಿಗಿಳಿಯುತ್ತದೆ. ಲಡಾಖಿನವರೂ ಹುರಿದ ಬಾರ್ಲಿ ಹಿಟ್ಟನ್ನೇ ಚಹಾಕ್ಕೆ ಕಲಸಿ ತಿನ್ನುತ್ತಾರೆ.

ಟಂಗ್ಲಂಗ್ ಲಾ ತುದಿಯಲ್ಲಿ ಫೋಟೊಗಿಂತ ಮೊದಲು ಜಾಕೆಟ್ ಹಾಕಿಕೊಳ್ಳಿ. ಬೆವರಿದ ಬನಿಯನ್ ಮೇಲೆ ಆ ಗಾಳಿ ಬಿದ್ದರೆ ಬ್ರೇಕ್ ಹಿಡಿಯುವ ಬೆರಳೇ ಮರಗಟ್ಟುತ್ತದೆ. ಅಲ್ಲಿಂದ ರುಮ್ತ್ಸೆವರೆಗೆ ಇಳಿತ. ಉಪ್ಶಿಯಲ್ಲಿ ಸಿಂಧೂ ನದಿ ಸಿಗುತ್ತದೆ. ಇನ್ನು ಲೇಹ್‌ಗೆ ಸುಮಾರು 50 ಕಿ.ಮೀ.