ತಲೆನೋವಿನ ಮಾತ್ರೆಯೊಳಗಿನ ಕಾಫಿ

ಕೋಲಾರದ ಟೊಮೆಟೊ ಮಂಡಿಯಲ್ಲಿ ಸೀಸನ್ ಜೋರಾದರೆ ಯಾರಿಗೂ ಸರಿಯಾದ ನಿದ್ದೆ ಇರುವುದಿಲ್ಲ. ರಾತ್ರಿ ಲೋಡು, ಬೆಳಿಗ್ಗೆ ಹರಾಜು, ಹೊತ್ತಲ್ಲದ ಹೊತ್ತಿಗೆ ತಿಂಡಿ, ನೆತ್ತಿ ಮೇಲೆ ಬಿಸಿಲು. ಮೈಗ್ರೇನ್ ಇರುವವರಿಗೆ ಇಷ್ಟು ಸಾಕು, ಅರ್ಧ ತಲೆ ಸಿಡಿಯಲು ಶುರುವಾಗುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಒಂದು ಮಾತ್ರೆ, ಪಕ್ಕದ ಗಾಡಿಯಲ್ಲಿ ಒಂದು ಟೀ. ಎಷ್ಟೋ ಸಲ ಎರಡರಲ್ಲೂ ಇರುವುದು ಒಂದೇ ವಸ್ತು: ಕೆಫೀನ್.

ಮಾತ್ರೆಯ ಶೀಟಿನ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಸ್ಯಾರಿಡಾನ್‌ನಲ್ಲಿ 250 ಮಿಲಿಗ್ರಾಂ ಪ್ಯಾರಸಿಟಮಾಲ್, 150 ಮಿಲಿಗ್ರಾಂ ಪ್ರೊಪಿಫೆನಜೋನ್ ಎಂಬ ಇನ್ನೊಂದು ನೋವಿನ ಔಷಧಿ, ಜೊತೆಗೆ 50 ಮಿಲಿಗ್ರಾಂ ಕೆಫೀನ್ ಇದೆ. ಕ್ರೋಸಿನ್ ಪೇನ್ ರಿಲೀಫ್‌ನಲ್ಲೂ ಕೆಫೀನ್ ಅಷ್ಟೇ, ಪ್ಯಾರಸಿಟಮಾಲ್ ಮಾತ್ರ 650. ಡೋಲೊ 650, ಡಿಸ್ಪ್ರಿನ್ ಇವುಗಳಲ್ಲಿ ಕೆಫೀನ್ ಇಲ್ಲವೇ ಇಲ್ಲ. ಅಮೆರಿಕದಲ್ಲಿ 1998ರಿಂದ ಮೈಗ್ರೇನ್‌ಗೆಂದೇ ಚೀಟಿಯಿಲ್ಲದೆ ಸಿಗುವ ಎಕ್ಸೆಡ್ರಿನ್‌ನ ಎರಡು ಮಾತ್ರೆಯಲ್ಲಿ 130 ಮಿಲಿಗ್ರಾಂ ಇರುತ್ತದೆ. ನಮ್ಮಲ್ಲಿ ಹೆಸರಾಗಿರುವ ವ್ಯಾಸೊಗ್ರೇನ್‌ನಲ್ಲಿ 100. ಆದರೆ ಅದನ್ನು ಈ ಸಾಲಿಗೆ ಸೇರಿಸಬೇಡಿ. ಅದರಲ್ಲಿ ರಕ್ತನಾಳಗಳನ್ನು ಬಿಗಿ ಮಾಡುವ ಎರ್ಗೊಟಮೈನ್ ಇದೆ. ಹೃದ್ರೋಗ, ಬಿಪಿ ಇರುವವರಿಗೆ, ಗರ್ಭಿಣಿಯರಿಗೆ ಅದು ಆಗಿಬರುವುದಿಲ್ಲ. ಡಾಕ್ಟರ್ ಚೀಟಿ ಇಲ್ಲದೆ ಸುಮ್ನೆ ಕೇಳಿ ತಗೊಳ್ಳುವ ಮಾತ್ರೆ ಅದಲ್ಲ.

ನಿದ್ದೆ ಓಡಿಸುವ ಕೆಫೀನ್‌ಗೆ ತಲೆನೋವಿನ ಮಾತ್ರೆಯಲ್ಲಿ ಏನು ಕೆಲಸ? ನಮ್ಮ ದೇಹದಲ್ಲಿ ಅಡೆನೋಸಿನ್ ಎಂಬ ವಸ್ತು ಇದೆ. ಅದು ಮಿದುಳಿನ ಜೀವಕೋಶಗಳ ಮೇಲೆ ತನಗೆ ಗೊತ್ತಾದ ಜಾಗದಲ್ಲಿ ಕೂತರೆ ಮಂಪರು ಬರುತ್ತದೆ, ರಕ್ತನಾಳಗಳು ಹಿಗ್ಗುತ್ತವೆ. ಕೆಫೀನ್ ಮೊದಲೇ ಹೋಗಿ ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ ಆ ಜಾಗ ಹಿಡಿದುಬಿಡುತ್ತದೆ. ಅಡೆನೋಸಿನ್ ನಿಂತೇ ಇರಬೇಕು. ಹಿಗ್ಗಿದ ನಾಳಗಳು ಬಿಗಿಯಾಗುತ್ತವೆ, ನೋವಿನ ಮಾತ್ರೆಗೂ ಬಲ ಬರುತ್ತದೆ.

ಎಷ್ಟು ಬಲ? ನೋವಿನ ಮಾತ್ರೆಯ ಜೊತೆ 100 ಮಿಲಿಗ್ರಾಂ ಅಥವಾ ಜಾಸ್ತಿ ಕೆಫೀನ್ ಕೊಟ್ಟ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ನೂರಕ್ಕೆ ಐದರಿಂದ ಹತ್ತು ಮಂದಿಗೆ ಹೆಚ್ಚುವರಿಯಾಗಿ ಒಳ್ಳೆಯ ಆರಾಮ ಸಿಕ್ಕಿದೆ. ಲಾಭ ಇದೆ, ಆದರೆ ಜಾಹೀರಾತಿನಷ್ಟು ದೊಡ್ಡದಲ್ಲ. ಇನ್ನೊಂದು ವಿಷಯ: 50ರ ಒಂದು ಮಾತ್ರೆ ಆ 100ನ್ನು ಮುಟ್ಟುವುದೇ ಇಲ್ಲ, ಅಲ್ವಾ? ಬರೀ ಪ್ಯಾರಸಿಟಮಾಲ್ ನುಂಗಿ ಒಂದು ಸ್ಟ್ರಾಂಗ್ ಕಾಫಿ ಕುಡಿದವರು ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ ಎಂದೇ ನನಗನಿಸುತ್ತದೆ. ಕಾಫಿಪುಡಿ ಎಂಥದ್ದು ಅನ್ನುವುದೂ ಮುಖ್ಯ. ರೊಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇದೆ. ಚಿಕೋರಿಯಲ್ಲಿ ಚೂರೂ ಇಲ್ಲ, ಹಾಗಾಗಿ ಲೋಟದ ಬಣ್ಣ ನೋಡಿ ಲೆಕ್ಕ ಹಾಕಲು ಬರುವುದಿಲ್ಲ.

ತೊಂದರೆ ಇರುವುದು ಪದೇ ಪದೇ ನುಂಗುವುದರಲ್ಲಿ. ಮೈಗ್ರೇನ್ ಇರುವವರು ಬರೀ ಪ್ಯಾರಸಿಟಮಾಲನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳಿಗೂ ಮೀರಿ ತಗೊಂಡರೆ ಮಾತ್ರೆಯಿಂದಲೇ ತಲೆನೋವು ಹುಟ್ಟಬಹುದು. ಕೆಫೀನ್ ಬೆರೆತ ಮಾತ್ರೆಗಳಿಗೆ ಆ ಗಡಿ 10 ದಿನಕ್ಕೇ ಇಳಿಯುತ್ತದೆ. ಅಷ್ಟೇ ಅಲ್ಲ, ಎರಡು ವಾರಕ್ಕಿಂತ ಜಾಸ್ತಿ ಕಾಲ, ದಿನಕ್ಕೆ 200 ಮಿಲಿಗ್ರಾಂ ದಾಟಿದ ಕೆಫೀನ್ ಮೈಗೆ ಸೇರಿದ್ದರೆ, ಅದು ತಪ್ಪಿದ 24 ಗಂಟೆಯೊಳಗೆ ಬೇರೊಂದು ತಲೆನೋವು ಕಾಣಿಸಿಕೊಳ್ಳಬಹುದು. ಏಕಾದಶಿಗೋ ರಂಜಾನ್‌ಗೋ ಉಪವಾಸವಿದ್ದು ಮಧ್ಯಾಹ್ನ ತಲೆ ಹಿಡಿದು ಕೂರುವವರಲ್ಲಿ ಕೆಲವರದು ಹಸಿವಿನ ನೋವಲ್ಲ, ಟೀ ತಪ್ಪಿದ ನೋವು. ಒಂದು ಲೋಟ ಕಾಫಿ ಕುಡಿದರೆ ಗಂಟೆಯೊಳಗೆ ಇಳಿಯುತ್ತದೆ. ಕುಡಿಯದಿದ್ದರೂ ವಾರದೊಳಗೆ ಹೋಗುತ್ತದೆ.

ಟೀ, ಕಾಫಿ ಬಿಡಬೇಕೆಂದರೆ ಒಂದೇ ಸಲ ಬಿಡಬೇಡಿ, ದಿನಕ್ಕೆ ಅರ್ಧ ಲೋಟದಂತೆ ಇಳಿಸಿ. ತಿಂಗಳಿಗೆ ಹತ್ತು ದಿನ ಮಾತ್ರೆ ಬೇಕಾಗುತ್ತಿದ್ದರೆ ಡಾಕ್ಟರಿಗೆ ತೋರಿಸಿ, ಅಂಗಡಿ ಮಾತ್ರೆಯ ಜೊತೆ ಟೀ ಲೆಕ್ಕವನ್ನೂ ಹೇಳಿ. ನೋವು ಬರದಂತೆಯೇ ತಡೆಯುವ ಪ್ರೊಪ್ರನೊಲಾಲ್‌ನಂಥ ಮಾತ್ರೆಗಳು ಬೇರೆ ಇವೆ. ಅವು ಯಾರಿಗೆ ಹೊಂದುತ್ತವೆ ಎಂದು ಡಾಕ್ಟರೇ ನೋಡಿ ಬರೆದುಕೊಡಬೇಕು.