ಘಾಟಿ ಇಳಿಯುವಾಗ ಮಗುವಿಗೆ ವಾಂತಿ: ಮಾತ್ರೆ ಕೊಡಬಹುದೇ?

ಪ್ರಶ್ನೆ: ಮಗಳಿಗೆ ಎರಡೂವರೆ ವರ್ಷ. ತೀರ್ಥಹಳ್ಳಿಯಿಂದ ಉಡುಪಿಯ ಅಜ್ಜಿ ಮನೆಗೆ ಕಾರಿನಲ್ಲಿ ಹೋಗುವಾಗಲೆಲ್ಲ ಆಗುಂಬೆ ಘಾಟಿಯಲ್ಲಿ ವಾಂತಿ ಮಾಡುತ್ತಾಳೆ. ನಾವು ತೆಗೆದುಕೊಳ್ಳುವ ಅವೋಮಿನ್ ಮಾತ್ರೆಯನ್ನೇ ಅರ್ಧ ಮಾಡಿ ಕೊಡಬಹುದೇ?

ಉತ್ತರ: ಕೊಡಬೇಡಿ. ಆ ಮಾತ್ರೆಯಲ್ಲಿರುವುದು ಪ್ರೊಮೆಥಜೈನ್. ಎರಡು ವರ್ಷದೊಳಗಿನ ಮಕ್ಕಳಲ್ಲಿ ಅದು ಉಸಿರಾಟವನ್ನೇ ಕುಗ್ಗಿಸಬಲ್ಲದು, ಹಾಗಾಗಿ ಆ ವಯಸ್ಸಿಗೆ ಅದು ನಿಷಿದ್ಧ. ಎರಡು ದಾಟಿದ ಮಕ್ಕಳಿಗೂ ತೂಕ ನೋಡಿ ಮಕ್ಕಳ ವೈದ್ಯರೇ ಪ್ರಮಾಣ ಬರೆದುಕೊಡಬೇಕು. ಕಣ್ಣಳತೆಯಲ್ಲಿ ಮುರಿದ ಅರ್ಧ ಮಾತ್ರೆ ಪ್ರಮಾಣವಲ್ಲ. ಕೆಲವು ಮಕ್ಕಳಿಗೆ ಇದರಿಂದ ನಿದ್ದೆಯ ಬದಲು ವಿಪರೀತ ಹಟ, ಚಡಪಡಿಕೆ ಬರುವುದೂ ಉಂಟು. ಇನ್ನು ಮನೆಯಲ್ಲಿ ಉಳಿದಿರುವ ಒಂಡಾನ್‌ಸೆಟ್ರಾನ್ ಸಿರಪ್ಪನ್ನು ಹೊರಡುವ ಮುಂಚೆ ಕುಡಿಸುವ ರೂಢಿ ಹಲವು ಮನೆಗಳಲ್ಲಿದೆ. ಹೊಟ್ಟೆ ಕೆಟ್ಟು ಬರುವ ವಾಂತಿಗೆ ಅದು ಒಳ್ಳೆಯ ಔಷಧ. ಪ್ರಯಾಣದ ವಾಂತಿಯನ್ನು ತಡೆಯುವುದಿಲ್ಲ, ಏಕೆಂದರೆ ಈ ವಾಂತಿ ಹುಟ್ಟುವುದು ಹೊಟ್ಟೆಯಲ್ಲಲ್ಲ, ಒಳಕಿವಿಯಲ್ಲಿ.

ದೇಹ ವಾಲುತ್ತಿದೆ, ತಿರುಗುತ್ತಿದೆ ಎಂದು ಒಳಕಿವಿ ಮಿದುಳಿಗೆ ಹೇಳುತ್ತದೆ. ಹಿಂದಿನ ಸೀಟಿನಲ್ಲಿ ತಗ್ಗಿನಲ್ಲಿ ಕೂತ ಮಗುವಿಗೆ ಕಿಟಕಿ ಎತ್ತರ. ಅದರ ಕಣ್ಣಿಗೆ ಕಾಣುವುದು ಮುಂದಿನ ಸೀಟಿನ ಬೆನ್ನು ಮಾತ್ರ, ಅದು ಅಲುಗಾಡುತ್ತಿಲ್ಲ. ಕಣ್ಣು, ಕಿವಿ ಬೇರೆ ಬೇರೆ ಸುದ್ದಿ ಕೊಟ್ಟಾಗ ಓಕರಿಕೆ ಶುರು. ಎರಡು ವರ್ಷದೊಳಗೆ ಈ ತೊಂದರೆ ಅಪರೂಪ, ಆಮೇಲೆ ಹೆಚ್ಚುತ್ತಾ ಹೋಗುತ್ತದೆ. ಹೋದ ವರ್ಷ ಆರಾಮವಾಗಿ ಘಾಟಿ ಇಳಿದ ಮಗು ಈ ವರ್ಷ ವಾಂತಿ ಮಾಡಿದರೆ ದಿಗಿಲು ಬೇಡ.

ಆದ್ದರಿಂದ ಮೊದಲು ಸರಿಪಡಿಸಬೇಕಾದ್ದು ಮಗು ಏನು ನೋಡುತ್ತಿದೆ ಎಂಬುದನ್ನು. ಮುಂದಕ್ಕೆ ಮುಖ ಮಾಡುವ ಮಕ್ಕಳ ಸೀಟಾದರೆ ಹಿಂದಿನ ಸಾಲಿನ ನಡುವೆ ಕಟ್ಟಿ (ಅಲ್ಲಿ ಅದನ್ನು ಭದ್ರವಾಗಿ ಬಿಗಿಯಲು ಬರುವ ಕಾರಾದರೆ ಮಾತ್ರ). ಅಲ್ಲಿಂದ ಮುಂದಿನ ಗಾಜಿನಾಚೆಯ ರಸ್ತೆ ಕಾಣುತ್ತದೆ, ತಿರುವು ಬರುವುದು ಕಣ್ಣಿಗೆ ಮೊದಲೇ ಗೊತ್ತಾಗುತ್ತದೆ. ಮೊಬೈಲು, ಚಿತ್ರಪುಸ್ತಕ ಎರಡನ್ನೂ ಘಾಟಿಗೆ ಮುಂಚೆಯೇ ಎತ್ತಿಡಿ. ಅಳು ನಿಲ್ಲಿಸಲು ಮೊಬೈಲು ಕೊಡುವುದೇ ಘಾಟಿಯಲ್ಲಿ ಅತಿ ಹೆಚ್ಚು ವಾಂತಿ ತರಿಸುವ ಅಭ್ಯಾಸ ಎಂದರೂ ತಪ್ಪಾಗದು. ಬದಲಿಗೆ ಹಾಡು ಹೇಳಿ, ದೂರದ ಗುಡ್ಡ ತೋರಿಸಿ.

ಮಗು ಕಂಗಾಲಾದಾಗ ಬೆಲ್ಟು ಬಿಚ್ಚಿ ತೊಡೆಯ ಮೇಲೆ ಎಳೆದುಕೊಳ್ಳಬೇಕೆನಿಸುತ್ತದೆ. ದಯವಿಟ್ಟು ಮಾಡಬೇಡಿ. ತಿರುವಿನಲ್ಲಿ ಎದುರಿನ ಗಾಡಿಗೆಂದು ಬ್ರೇಕ್ ಹಾಕಿದರೆ ಹನ್ನೆರಡು ಕಿಲೋ ಮಗುವನ್ನು ಯಾವ ತೋಳೂ ಹಿಡಿದಿಡಲಾರದು. ಕಾನೂನೂ ಹಾಗೆಯೇ ಇದೆ: 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ 14 ವರ್ಷದೊಳಗಿನ ಮಗುವಿಗೆ ಬೆಲ್ಟು ಅಥವಾ ಮಕ್ಕಳ ಸೀಟಿನ ಭದ್ರತೆ ಇಲ್ಲದಿದ್ದರೆ 1,000 ರೂಪಾಯಿ ದಂಡ.

ಊಟದ ವಿಷಯದಲ್ಲಿ ಎರಡು ತಪ್ಪು ನಡೆಯುತ್ತವೆ. ವಾಂತಿ ಆಗುತ್ತದೆಂದು ಖಾಲಿ ಹೊಟ್ಟೆಯಲ್ಲಿ ಕರೆದೊಯ್ಯುವುದು ಒಂದು. ಖಾಲಿ ಹೊಟ್ಟೆಗೆ ಓಕರಿಕೆ ಇನ್ನೂ ಹೆಚ್ಚು. ಹೊರಡುವಾಗ ಬಾಟಲಿ ತುಂಬ ಹಾಲು ಕುಡಿಸುವುದು ಇನ್ನೊಂದು. ಆಗುಂಬೆ ತಲುಪುವ ಒಂದು, ಒಂದೂವರೆ ಗಂಟೆ ಮೊದಲು ಒಂದು ಸಣ್ಣ ಇಡ್ಲಿ ಅಥವಾ ಅರ್ಧ ಬಾಳೆಹಣ್ಣು ಸಾಕು. ತುಪ್ಪ, ಕರಿದದ್ದು, ಹಾಲು ಇಳಿದ ಮೇಲೆ ಆಗಲಿ. ಎದೆಹಾಲು ಕುಡಿಯುವ ಮಗುವಾದರೆ ಕುಡಿಸಿ, ತೇಗು ತೆಗೆಸಿ, ಅರ್ಧ ಗಂಟೆ ಎದೆಗೊರಗಿಸಿಕೊಂಡು ನೆಟ್ಟಗಿಟ್ಟ ಮೇಲೆ ಘಾಟಿಗಿಳಿಯಿರಿ. ಪುದೀನಾ ಪೆಪ್ಪರ್‌ಮಿಂಟು, ಲವಂಗ, ಶುಂಠಿ ತುಂಡು ಇವನ್ನು ಈ ವಯಸ್ಸಿನ ಮಕ್ಕಳ ಬಾಯಿಗೆ ಹಾಕಲೇಬೇಡಿ. ಕುಲುಕಾಟದಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ನಿಂಬೆಹಣ್ಣು ಮೂಸಿಸಿದರೆ ಅಪಾಯವಿಲ್ಲ. ಡ್ಯಾಶ್‌ಬೋರ್ಡಿನ ಸುಗಂಧದ ಡಬ್ಬಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೊರಡಿ.

ಉಳಿದದ್ದು ಗಾಡಿ ಓಡಿಸುವವರ ಕಾಲಿನಲ್ಲಿದೆ. ಸುಮಾರು ಐದು ಸೆಕೆಂಡಿಗೊಮ್ಮೆ ಬರುವಂಥ ನಿಧಾನದ ತೂಗಾಟವೇ ಮನುಷ್ಯನಿಗೆ ಅತಿ ಹೆಚ್ಚು ಓಕರಿಕೆ ತರಿಸುವುದು. ತಿರುವಿಗೆ ಮುನ್ನ ಜೋರು ಬ್ರೇಕ್, ದಾಟಿದೊಡನೆ ಆಕ್ಸಿಲರೇಟರ್, ಮತ್ತೆ ಬ್ರೇಕ್ ಎಂದು ಓಡಿಸಿದರೆ ಹೆಚ್ಚುಕಡಿಮೆ ಅದೇ ಲಯ ಬಂದುಬಿಡುತ್ತದೆ. ಆಗುಂಬೆಯ 14 ಹೇರ್‌ಪಿನ್ ತಿರುವುಗಳನ್ನು ಎರಡನೇ ಗೇರಿನಲ್ಲಿ, ಅಗತ್ಯ ಬಿದ್ದಲ್ಲಿ ಮೊದಲನೆಯದರಲ್ಲಿ, ಎಂಜಿನ್ನಿನ ಹಿಡಿತದ ಮೇಲೆ ಒಂದೇ ವೇಗದಲ್ಲಿ ಇಳಿಸಿ. ಬ್ರೇಕೂ ಕಾಯುವುದಿಲ್ಲ, ಮಗುವಿನ ತಲೆಯೂ ಮುಂದಕ್ಕೆ ಹಿಂದಕ್ಕೆ ತೂಗುವುದಿಲ್ಲ. ಇಳಿಯುವ ಮೊದಲು ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ ಹತ್ತು ನಿಮಿಷ ಮಗುವನ್ನು ನಡೆದಾಡಿಸಿ. ತಿರುವುಗಳಲ್ಲಿ ಎಲ್ಲಿಯೂ ನಿಲ್ಲಿಸಬೇಡಿ, ಮಳೆಗಾಲದ ಮಂಜಿನಲ್ಲಂತೂ ಬೇಡವೇ ಬೇಡ. ಮಗು ಮಧ್ಯಾಹ್ನ ಮಲಗುವ ಹೊತ್ತಿಗೆ ಘಾಟಿ ಬರುವಂತೆ ಹೊರಟರೆ ಅರ್ಧ ತೊಂದರೆ ತಾನಾಗಿ ಕಳೆಯುತ್ತದೆ. ನಿದ್ದೆಯಲ್ಲಿ ಕಣ್ಣಿನ ಸುದ್ದಿಯೇ ಇರುವುದಿಲ್ಲ. ಆಗ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು.

ಬಸ್ಸಿನಲ್ಲಿ ಹೋಗುವವರು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸೀಟು ಹಿಡಿಯಿರಿ. ಹಿಂದಿನ ಚಕ್ರದಾಚೆಯ ಸೀಟುಗಳು ಹೆಚ್ಚು ಎತ್ತಿ ಒಗೆಯುತ್ತವೆ. ಶಿರಾಡಿಯಲ್ಲಿ ಇಳಿಯುವ ಸ್ಲೀಪರ್ ಬಸ್ಸಾದರೆ ಕೆಳಗಿನ ಬರ್ತು ಒಳ್ಳೆಯದು; ಮೇಲಿನದರಲ್ಲಿ ತೂಗಾಟ ಜಾಸ್ತಿ.

ಮಾತು ಬಾರದ ಮಗು ಹೊಟ್ಟೆ ತೊಳಸುತ್ತಿದೆ ಎನ್ನುವುದಿಲ್ಲ. ಆಡುತ್ತಿದ್ದದ್ದು ಇದ್ದಕ್ಕಿದ್ದಂತೆ ಸುಮ್ಮನಾಗುತ್ತದೆ, ಮುಖ ಬಿಳುಚುತ್ತದೆ, ಹಣೆ ಬೆವರುತ್ತದೆ, ಆಕಳಿಕೆ, ಜೊಲ್ಲು. ಇವು ಕಂಡರೆ ಕಿಟಕಿ ಇಳಿಸಿ, ಅಗಲ ಬಾಯಿಯ ಡಬ್ಬಿ ಕೈಗೆತ್ತಿಕೊಳ್ಳಿ, ಸುರಕ್ಷಿತ ಜಾಗ ಸಿಕ್ಕೊಡನೆ ನಿಲ್ಲಿಸಿ. ಕಿವಿ ಹಿಡಿದುಕೊಂಡು ಅಳುತ್ತಿದ್ದರೆ ಅದು ಬೇರೆ. ಘಟ್ಟದ ಮೇಲಿನಿಂದ ಬೇಗನೆ ಇಳಿದಾಗ ಕಿವಿ ಕಟ್ಟುತ್ತದೆ. ಒಂದೆರಡು ಗುಟುಕು ನೀರು ನುಂಗಿಸಿದರೆ ಬಿಡುತ್ತದೆ.

ಆದರೂ ವಾಂತಿಯಾಯಿತೆನ್ನಿ. ಬಾಯಿ ಒರೆಸಿ, ಹತ್ತು ಹದಿನೈದು ನಿಮಿಷ ಏನೂ ಕೊಡದೆ ಬಿಡಿ. ತಕ್ಷಣ ನೀರು ಕುಡಿಸಿದರೆ ಅದೂ ಹೊರಬರುತ್ತದೆ. ಆಮೇಲೆ ಎರಡು ಮೂರು ನಿಮಿಷಕ್ಕೊಂದು ಚಮಚ, ಅಂದರೆ 5 ಮಿ.ಲೀ., ಓಆರ್‌ಎಸ್. ಇಲ್ಲಿ ಪ್ರಮಾಣ ಕೆಡುವುದೇ ಹೆಚ್ಚು. 20.5 ಗ್ರಾಂ ಪ್ಯಾಕೆಟ್ಟು ಇಡೀ ಒಂದು ಲೀಟರ್ ನೀರಿಗೆ. ಅದನ್ನು ಲೋಟದಲ್ಲಿ ಅಂದಾಜಿನಲ್ಲಿ ಕಲಕಿದರೆ ದ್ರಾವಣ ಗಟ್ಟಿಯಾಗಿ ಮಗುವಿನ ಮೈಯ ನೀರನ್ನೇ ಕರುಳಿಗೆ ಎಳೆದುಬಿಡುತ್ತದೆ. ಪ್ರಯಾಣಕ್ಕೆ 200 ಮಿ.ಲೀ. ನೀರಿಗೆಂದೇ ಮಾಡಿದ ಸಣ್ಣ ಪ್ಯಾಕೆಟ್ಟು ಅನುಕೂಲ. ಓಆರ್‌ಎಸ್ ಎಂದು ಹೆಸರಿಟ್ಟುಕೊಂಡು ಮಾರುತ್ತಿದ್ದ ಸಿಹಿ ಪಾನೀಯದ ಪೆಟ್ಟಿಗೆಗಳು ಇದಕ್ಕೆ ಬದಲಲ್ಲ. ಪ್ರಮಾಣಿತ ಸೂತ್ರವಿಲ್ಲದ ಪಾನೀಯಗಳು ಆ ಹೆಸರು ಬಳಸದಂತೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆದಿದೆ.

ಚೀಲದಲ್ಲಿ ಮಗುವಿಗೆ ಎರಡು ಜೊತೆ ಬಟ್ಟೆ, ಪಕ್ಕದಲ್ಲಿ ಕೂರುವವರಿಗೂ ಒಂದು ಜೊತೆ, ಹಳೆಯ ಟವೆಲ್ಲು ಎರಡು, ಗಟ್ಟಿಯಾಗಿ ಮುಚ್ಚುವ ಕವರುಗಳು ಇರಲಿ. ಮಕ್ಕಳ ಸೀಟಿನ ಬೆಲ್ಟನ್ನು ಸೋಪಿನ ಪುಡಿಯಲ್ಲಿ ನೆನೆಹಾಕಬೇಡಿ, ನೂಲಿನ ಬಲ ಕುಂದುತ್ತದೆ. ಸೌಮ್ಯ ಸೋಪಿನ ನೀರಿನ ಬಟ್ಟೆಯಲ್ಲಿ ಒರೆಸಿ. ಬಕಲಿನೊಳಗೆ ವಾಂತಿ ಒಣಗಿದರೆ ಅದು ಸರಿಯಾಗಿ ಕಚ್ಚುವುದಿಲ್ಲ. ಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ, ಕ್ಲಿಕ್ ಎನ್ನುತ್ತದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಮರುಪ್ರಯಾಣ.

ಗಾಡಿ ನಿಂತ ಮೇಲೆ ಪ್ರಯಾಣದ ವಾಂತಿ ನಿಲ್ಲಬೇಕು. ಅಜ್ಜಿ ಮನೆ ಮುಟ್ಟಿ ಗಂಟೆಗಳಾದರೂ ವಾಂತಿ ಮುಂದುವರಿದರೆ, ಜ್ವರ ಅಥವಾ ಭೇದಿ ಸೇರಿಕೊಂಡರೆ, ಆರೇಳು ಗಂಟೆ ಮೂತ್ರ ಮಾಡದಿದ್ದರೆ ಘಾಟಿಯ ಮೇಲೆ ಹೊರಿಸದೆ ವೈದ್ಯರಿಗೆ ತೋರಿಸಿ. ವಾಂತಿ ಹಸಿರು ಬಣ್ಣದ್ದಾಗಿದ್ದರೆ ಅಥವಾ ರಕ್ತ ಕಂಡರೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ.